ಹನ್ನೊಂದನೆಯ ಅಧ್ಯಾಯದ ಒದ್ದೆ ಚೀಲ

ವಡಗಾವಿಯ ದುಂಡಪ್ಪ ಧಾರವಾಡದಿಂದ ಆಚೆಗೆ ಹೋದವನಲ್ಲ. ಧಾರವಾಡಕ್ಕಾದರೂ ಹೋದದ್ದು ಒಂದೇ ಸಲ, ಅದೂ ಭಾವಮೈದುನನ ಹರ್ನಿಯಾ ಆಪರೇಶನ್ನಿಗೆ. ಆದರೆ ಇಸ್ತಾಂಬುಲ್ಲಿನ ಯಾವ ಹೋಟೆಲಿನ ಹಿಂಬಾಗಿಲು ಬಂದರಿನ ಕಡೆಗೆ ತೆರೆಯುತ್ತದೆ, ಹಿಮದ ಮೇಲೆ ಹೆಜ್ಜೆಗುರುತು ಬೀಳದ ಹಾಗೆ ಹೇಗೆ ಓಡಬೇಕು, ಶತ್ರುವಿನ ಕೈಗೆ ಸಿಕ್ಕರೆ ನುಂಗುವುದಕ್ಕೆಂದು ವಿಷದ ಗುಳಿಗೆಯನ್ನು ಯಾವ ಹಲ್ಲಿನ ಸಂದಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಹಲ್ಲಿನ ವಿಷಯ ಬಂದಾಗ ಬಾಯಿ ತೆರೆದು ಬೆರಳಿಟ್ಟು ತೋರಿಸುತ್ತಿದ್ದ. ಅಲ್ಲಿದ್ದ ಹಲ್ಲು ತಂಬಾಕಿನ ದೆಸೆಯಿಂದ ಬಿದ್ದುಹೋಗಿ ಎರಡು ವರ್ಷವಾಗಿತ್ತು. ಕೇಳುವವರು ಜಾಗವನ್ನಷ್ಟೇ ನೋಡಿ ತೃಪ್ತರಾಗಬೇಕಾಗಿತ್ತು.

ಬೆಳಗಾವಿಯ ಉದ್ಯಮಬಾಗದ, ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಅವನು ಅಚ್ಚು ಕಟ್ಟುವವರ ಮಿಸ್ತ್ರಿ. ಅಪ್ಪನ ಕಾಲದವರೆಗೆ ಮನೆಯಲ್ಲಿ ಮಗ್ಗವಿತ್ತು. ಮಗ್ಗದ ಒಂದೇ ಕುಣಿಯಲ್ಲಿ ಕಾಲಿಳಿಬಿಟ್ಟು ಜನ್ಮ ಸವೆಸುವುದು ದುಂಡಪ್ಪನಿಗೆ ಒಗ್ಗದೆ, ಇಪ್ಪತ್ತೊಂದರ ವಯಸ್ಸಿನಲ್ಲಿ ಸೈಕಲ್ ಹತ್ತಿ ಫೌಂಡ್ರಿಗೆ ಹೋದ. 1978ರ ಹೊತ್ತಿಗೆ ಅವನಿಗೆ ನಲವತ್ತಮೂರು. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಒಮ್ಮೆ ಹಿಚುಕಿ ಅದರಲ್ಲಿ ನೀರೆಷ್ಟಿದೆ ಎಂದು ಹೇಳುವಷ್ಟು ಪಳಗಿದ್ದ. ಮರಳು ಉಂಡೆಯಾಗಬೇಕು, ಮುರಿದರೆ ಅಂಚು ನಿಲ್ಲಬೇಕು, ಅಂಗೈ ಮಾತ್ರ ತೇವವಾಗಬಾರದು. ನೀರು ಒಂದಿಷ್ಟು ಹೆಚ್ಚಾದರೂ ಕಾದ ಕಬ್ಬಿಣದ ರಸ ಮೇಲೆ ಬಿದ್ದ ಕೂಡಲೇ ಅದು ಹಬೆಯಾಗುತ್ತದೆ. ಹಬೆಗೆ ಹೊರಗೆ ಹೋಗುವ ದಾರಿ ಸಿಗದಿದ್ದರೆ ರಸವನ್ನೆಲ್ಲ ಎತ್ತಿ ಎದುರಿಗಿದ್ದವರ ಮುಖಕ್ಕೆ ಎರಚುತ್ತದೆ. ಹಿಂದೆಲ್ಲ ಊಟದ ಬಿಡುವಿನಲ್ಲಿ ಹೊಸಬರನ್ನು ಕೂರಿಸಿಕೊಂಡು ಅವನು ಕಲಿಸುತ್ತಿದ್ದುದು ಇದನ್ನೇ. "ಬೆಂಕಿ ಕಣ್ಣಿಗೆ ಕಾಣತೈತಿ, ಅದಕ್ಕ ಅಂಜಬ್ಯಾಡ್ರಿ. ನೀರಿಗೆ ಅಂಜ್ರಿ."

ಈಚೆಗೆ ಎರಡು-ಮೂರು ವರ್ಷಗಳಿಂದ ಆ ಅರ್ಧ ಗಂಟೆಯನ್ನು ಕಾದಂಬರಿಗಳು ನುಂಗಿದ್ದವು.

ಶಹಾಪುರದಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ಅಲ್ಲಿಂದ ದುಂಡಪ್ಪ ವಾರಕ್ಕೊಂದು ಸಾಹಸ ಕಾದಂಬರಿ ತರುತ್ತಿದ್ದ. ಮೊದಲು ಮನೆಯಲ್ಲಿ ಒಬ್ಬನೇ ಓದಿ, ಎಲ್ಲೆಲ್ಲಿ ದನಿ ಏರಿಸಬೇಕು, ಎಲ್ಲಿ ಪಿಸುಗುಟ್ಟಬೇಕು ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳುತ್ತಿದ್ದ. ಹೆಂಡತಿ ಶಿವಬಸವ್ವ, "ಸಾಲಿ ಕಲಿಯೂ ಮುಂದ ಇಷ್ಟು ಓದಿದ್ದರ ಇಷ್ಟೊತ್ತಿಗೆ ಮಾಮಲೇದಾರ ಆಗತಿದ್ರಿ" ಎನ್ನುತ್ತಿದ್ದಳು. ದುಂಡಪ್ಪ ಅದನ್ನು ಹೊಗಳಿಕೆಯ ಲೆಕ್ಕಕ್ಕೆ ಹಿಡಿಯುತ್ತಿದ್ದ. ಮರುದಿನ ಫೌಂಡ್ರಿಯ ತಗಡಿನ ಶೆಡ್ಡಿನ ಕೆಳಗೆ, ರೊಟ್ಟಿ ಬುತ್ತಿ ಬಿಚ್ಚಿದ ಹದಿನೈದು ಮಂದಿಯ ನಡುವೆ ಒಂದು ಹಳೆಯ ಅಚ್ಚಿನ ಪೆಟ್ಟಿಗೆಯ ಮೇಲೆ ಕೂತು ಓದು ಶುರುಮಾಡುತ್ತಿದ್ದ. ಓದುವ ಮುನ್ನ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವನು. ಅದು ಮರಳಿನ ದೂಳಿನ ಕೆಮ್ಮು. ಆದರೂ ಆಕಾಶವಾಣಿಯಲ್ಲಿ ವಾರ್ತೆ ಓದುವವರೂ ಹೀಗೇ ಕೆಮ್ಮುತ್ತಾರೆಂದು ಅವನ ನಂಬಿಕೆ.

ಅವನ ದೇವರು ಭೈರವಾಕ್ಷ ಎಂಬ ಕಾದಂಬರಿಕಾರ. ಪುಸ್ತಕದ ಹಿಂಬದಿಯಲ್ಲಿ ಭೈರವಾಕ್ಷನ ಫೋಟೋ ಇರುತ್ತಿತ್ತು: ಕಪ್ಪು ಕನ್ನಡಕ, ಎತ್ತಿ ನಿಲ್ಲಿಸಿದ ಕೋಟಿನ ಕಾಲರು, ಬಾಯಲ್ಲಿ ಹೊಗೆಯಿಲ್ಲದ ಪೈಪು. ಅದರ ಕೆಳಗೆ, 'ಸಾವಿನೊಡನೆ ಸರಸವಾಡಿದ ಲೇಖನಿ' ಎಂದು ದಪ್ಪಕ್ಷರ. ಭೈರವಾಕ್ಷನ ನಾಯಕ ಕ್ಯಾಪ್ಟನ್ ಸಮರಸೇನ. ಅವನು ಪ್ರತಿ ಅಧ್ಯಾಯದ ಕೊನೆಗೆ ಒಂದು ಬಂಡೆಯ ಅಂಚಿಗೋ, ಹಡಗಿನ ಲಂಗರಿಗೋ, ಹೆಬ್ಬಾವಿನ ಬಾಯಿಗೋ ಜೋತುಬಿದ್ದಿರುತ್ತಿದ್ದ.

"ಮಿಸ್ತ್ರಿ, ಇಂವ ವರ್ಷಾನುಗಟ್ಲೆ ಊರೂರು ತಿರಗತಾನಲ್ರಿ, ಇವನ ರಜಾ ಯಾರ ಮಂಜೂರ ಮಾಡ್ತಾರ?" ಎಂದು ಈರಣ್ಣ ಕೇಳುವನು. ಈರಣ್ಣ ಲ್ಯಾಡಲ್ ಹೊರುವವನು; ಲ್ಯಾಡಲ್ ಎಂದರೆ ಭಟ್ಟಿಯಿಂದ ರಸವನ್ನು ಹಿಡಿದು ಅಚ್ಚಿಗೆ ಹೊಯ್ಯುವ, ಇಬ್ಬರು ಎರಡು ಕಡೆ ಕೋಲು ಹಿಡಿದು ಒಯ್ಯುವ ಕಬ್ಬಿಣದ ಬುಟ್ಟಿ.

"ಅಂವ ಸರಕಾರದ ಗುಪ್ತ ಮನಶ್ಯಾ. ರಜಾ ಚೀಟಿ ಬರದು ಹೋದ್ರ ಗುಪ್ತ ಹೆಂಗ ಉಳಿತೈತ್ಯೋ?"

"ಮತ್ತ ಇವತ್ತ ಸಾಯ್ತಾನೇನ್ರಿ?"

"ಸಾಯೂದಿಲ್ಲ. ಹಿಂದ ನೋಡು, ಮುಂದಿನ ಪುಸ್ತಕದ ಜಾಹೀರಾತು ಹಾಕ್ಯಾರ."

ಆ ಪುಸ್ತಕಗಳ ರುಚಿ ಇದ್ದದ್ದೂ ಅಲ್ಲಿಯೇ. ಉದ್ಯಮಬಾಗದಲ್ಲಿ ಬೆಳಿಗ್ಗೆ ಒಳಗೆ ಹೋದವನು ಸಂಜೆ ಹತ್ತೂ ಬೆರಳಿನೊಂದಿಗೆ ಹೊರಗೆ ಬರುತ್ತಾನೆಂದು ಯಾವ ಜಾಹೀರಾತೂ ಹೇಳುವುದಿಲ್ಲ. ಕ್ಯಾಪ್ಟನ್ ಸಮರಸೇನನೊಬ್ಬ ಮಾತ್ರ ನೂರು ಕಡೆ ಬಿದ್ದು, ನೂರು ಕಡೆ ಸುಟ್ಟುಕೊಂಡು, ಕೊನೆಯ ಪುಟದಲ್ಲಿ ಕೋಟಿನ ದೂಳು ಕೊಡವಿಕೊಂಡು ಎದ್ದು ನಿಲ್ಲುತ್ತಿದ್ದ. ಅದನ್ನು ಕೇಳುತ್ತ ಕೇಳುತ್ತ ಆ ಹದಿನೈದು ಮಂದಿಯೂ ಅರ್ಧ ಗಂಟೆಯ ಮಟ್ಟಿಗೆ ತಮಗೂ ಏನೂ ಆಗುವುದಿಲ್ಲ ಎಂದುಕೊಳ್ಳುತ್ತಿದ್ದರು.

ಕೇಳುವವರಲ್ಲಿ ಕರೆಪ್ಪನಷ್ಟು ನಿಷ್ಠೆ ಯಾರಿಗೂ ಇರಲಿಲ್ಲ. ಅವನು ಖಾನಾಪುರದ ಆಚೆಯ ಬೀಡಿ ಎಂಬ ಊರಿನವನು, ಕುರುಬರ ಹುಡುಗ, ಮೂವತ್ತರ ಆಸುಪಾಸು. ಮನೆಯಲ್ಲಿ ತಾಯಿ ಸಾವಂತ್ರವ್ವ, ಹೆಂಡತಿ ಮಾಯಕ್ಕ. ಆರು ವರ್ಷ ಖಾನಾಪುರದ ಹಂಚಿನ ಭಟ್ಟಿಗಳಲ್ಲಿ ಹಂಚು ಸುಟ್ಟು, ನಾಲ್ಕು ತಿಂಗಳ ಹಿಂದೆ ಫೌಂಡ್ರಿಗೆ ಬಂದು ಸೇರಿದ್ದ. ಇಲ್ಲಿಯ ತನಕ ಅವನ ಕೆಲಸ ಮರಳು ಸೋಸುವುದು, ಅಚ್ಚಿನ ಪೆಟ್ಟಿಗೆ ಹೊರುವುದು. ಓದು ಬರಹ ಬಾರದು. ಕಥೆ ಕೇಳುವಾಗ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು.

"ಮಿಸ್ತ್ರಿ, ಈ ಕ್ಯಾಪ್ಟನ್ ಖರೇನ ಅದಾನೇನ್ರಿ?" ಎಂದು ಒಮ್ಮೆ ಕೇಳಿದ.

"ಇಲ್ಲದ ಮನಶ್ಯಾನ ಬಗ್ಗೆ ಇಪ್ಪತ್ಮೂರು ಪುಸ್ತಕ ಬರೀತಾರೇನು?" ಎಂದ ದುಂಡಪ್ಪ. ಆ ಉತ್ತರ ಅವನಿಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಹೋಗಿ ಶಿವಬಸವ್ವನ ಮುಂದೆ ಇನ್ನೊಮ್ಮೆ ಹೇಳಿದ.

ಆ ವರ್ಷದ ನವೆಂಬರಿನಲ್ಲಿ ಬಂದ ಪುಸ್ತಕ 'ಕೆಂಡದ ಕೋಟೆಯ ಕೈದಿ'. ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಕ್ಯಾಪ್ಟನ್ ಸಮರಸೇನ ಶತ್ರುಗಳ ನೆಲಮಾಳಿಗೆಯ ಉಕ್ಕಿನ ಕಾರಖಾನೆಯಲ್ಲಿ ಸಿಕ್ಕಿಬೀಳುತ್ತಾನೆ. ಎದುರಿಗೆ ಕುದಿಯುವ ರಸದ ಬುಟ್ಟಿ, ಹಿಂದೆ ಬಂದೂಕುಗಳು. ಕ್ಯಾಪ್ಟನ್ ಮೂಲೆಯಲ್ಲಿದ್ದ ಗೋಣಿಚೀಲಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಹೆಗಲಿಗೂ ಕೈಗಳಿಗೂ ಸುತ್ತಿಕೊಂಡು, ರಸದ ಬುಟ್ಟಿಯನ್ನೇ ಎತ್ತಿ ಶತ್ರುಗಳ ಮೇಲೆ ಸುರಿಯುತ್ತಾನೆ. 'ನೀರುಂಡ ಗೋಣಿಯ ಮುಂದೆ ಅಗ್ನಿದೇವನೇ ಮಂಡಿಯೂರಿದ' ಎಂದು ಭೈರವಾಕ್ಷ ಬರೆದಿದ್ದ.

ಮನೆಯಲ್ಲಿ ಅದನ್ನು ಓದಿದಾಗಲೇ ದುಂಡಪ್ಪ ಲಟಕ್ಕನೆ ಪುಸ್ತಕ ಮಡಿಚಿ, "ಇವನೌನ, ಈ ಮನಶ್ಯಾ ಫೌಂಡ್ರಿ ಬಾಗಿಲಾ ಸೈತ ನೋಡಿಲ್ಲ" ಎಂದಿದ್ದ. ಒದ್ದೆ ಚೀಲ ರಸದ ಹತ್ತಿರ ಸುಳಿಯಬಾರದು. ಮರುದಿನ ಓದುವಾಗ ಇದನ್ನು ಎತ್ತಿ ಹೇಳಿ, ಲೇಖಕನಿಗಿಂತ ತನಗೆ ಹೆಚ್ಚು ಗೊತ್ತೆಂದು ಒಂದಿಷ್ಟು ಮೆರೆಯಬೇಕೆಂದೂ ಅಂದುಕೊಂಡಿದ್ದ.

ಆದರೆ ಮರುದಿನ ಓದು ಏರಿತು. ಬಂದೂಕುಗಳು ಹತ್ತಿರ ಬಂದ ಹಾಗೆ ದುಂಡಪ್ಪ ದನಿಯನ್ನು ಇಳಿಸಿದ. ಹದಿನೈದು ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಹತ್ತಿರದ ಮಶಿನ್ ಶಾಪಿನ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಕ್ಯಾಪ್ಟನ್ ಚೀಲ ಅದ್ದಿದ, ಸುತ್ತಿಕೊಂಡ, ಬುಟ್ಟಿಗೆ ಕೈಹಾಕಿದ. ಆಗ ಕರೆಪ್ಪ ತಡೆಯಲಾರದೆ ಕೂಗಿದ: "ಖರೇ ಐತ್ರಿ! ಖಾನಾಪುರದಾಗ ಭಟ್ಟಿ ಒಳಗ ಹೋಗೂ ಮುಂದ ನಾವೂ ಹಿಂಗ ಮಾಡತಿದ್ವಿ. ತೊಯ್ಸಿದ ಚೀಲ ಹೊತ್ಕೊಂಡ್ರ ಝಳಾ ಹತ್ತೂದಿಲ್ಲ."

ದುಂಡಪ್ಪನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಹಂಚಿನ ಭಟ್ಟಿ ಬೇರೆ, ಇದು ಬೇರೆ ಎಂದು ಹೇಳಬೇಕು ಎಂಬುದೂ ಹೊಳೆಯಿತು. ಹೇಳಬೇಕೆಂದರೆ ಓದು ನಿಲ್ಲಿಸಬೇಕು. ನಿಲ್ಲಿಸಿದರೆ ಕೇಳುವವರು ಉಸಿರು ಬಿಗಿಹಿಡಿದು ಕಟ್ಟಿದ ಈ ಗಾಳಿ ಒಡೆಯುತ್ತದೆ. ಈರಣ್ಣ ಏನಾದರೊಂದು ಕುಚೋದ್ಯ ಮಾಡುತ್ತಾನೆ. ದುಂಡಪ್ಪ ಎಡಗೈ ಎತ್ತಿ, ನಾಟಕದ ಮಾಸ್ತರನ ಹಾಗೆ, ಸುಮ್ಮನಿರು ಎಂದು ಕರೆಪ್ಪನಿಗೆ ಸನ್ನೆ ಮಾಡಿದ. ಪುಟ ತಿರುವಿದ.

ಆ ಶುಕ್ರವಾರ ಎರಕದ ದಿನ. ಲ್ಯಾಡಲ್ ಹೊರುವ ಇಬ್ಬರಲ್ಲಿ ಒಬ್ಬ ಜ್ವರವೆಂದು ಬಂದಿರಲಿಲ್ಲ. ಸೂಪರ್‌ವೈಸರ್ ಸತ್ಯಪ್ಪ ಕರೆಪ್ಪನನ್ನು ಕರೆದು ಈರಣ್ಣನ ಜೊತೆಗೆ ನಿಲ್ಲಿಸಿದ. ದುಂಡಪ್ಪ ಆಗ ಶೆಡ್ಡಿನ ಆ ತುದಿಯಲ್ಲಿ ದೊಡ್ಡ ಅಚ್ಚೊಂದನ್ನು ಮುಚ್ಚಿಸುತ್ತಿದ್ದ. ಕರೆಪ್ಪ ಉಪಕರಣ ಅದ್ದುವ ನೀರಿನ ಡ್ರಮ್ಮಿನಲ್ಲಿ ಗೋಣಿಚೀಲ ಮುಳುಗಿಸಿ ಹೆಗಲಿಗೆ ಹಾಕಿಕೊಂಡಿದ್ದನ್ನು ಅವನು ನೋಡಲಿಲ್ಲ. ಈರಣ್ಣ ಹೆಗಲ ಮೇಲಿನ ಚೀಲವನ್ನಷ್ಟೇ ನೋಡಿದ, ಧಗೆಗೆ ಹಾಕಿಕೊಂಡಿದ್ದಾನೆಂದು ಸುಮ್ಮನಾದ. ಮೂರನೆಯ ಅಚ್ಚಿಗೆ ಹೊಯ್ಯಲು ಬಗ್ಗಿದಾಗ ಚೀಲ ಜಾರಿ ಅಚ್ಚಿನ ಬಾಯಿಯ ಮೇಲೆ ಬಿತ್ತು. ಬಗ್ಗಿದ ಲ್ಯಾಡಲ್ಲನ್ನು ತಡೆಯುವಷ್ಟರಲ್ಲಿ ರಸ ಅದರ ಮೇಲೆ ಹರಿದಿತ್ತು.

ಸದ್ದು ಉದ್ಯಮಬಾಗದ ಬಸ್ ಸ್ಟಾಪಿನವರೆಗೆ ಕೇಳಿಸಿತೆಂದು ಆಮೇಲೆ ಜನ ಹೇಳಿದರು. ಈರಣ್ಣನಿಗೆ ಕಾಲಿನ ಮೇಲೆ ಸಿಡಿಯಿತು. ಕರೆಪ್ಪನಿಗೆ ಮುಖ, ಕೊರಳು, ಎದೆ.

ದವಾಖಾನೆಯಲ್ಲಿ ಅವನು ನಾಲ್ಕು ದಿನ ಬದುಕಿದ್ದ. ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಮೂರನೆಯ ದಿನ ದುಂಡಪ್ಪ ಹೋದಾಗ ಮಾಯಕ್ಕ ನೀರು ತರಲು ಹೋಗಿದ್ದಳು, ಹತ್ತಿರ ಬೇರೆ ಯಾರೂ ಇರಲಿಲ್ಲ. ಕರೆಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಕೆಮ್ಮಿನಿಂದ ಗುರುತು ಹಿಡಿದ.

"ಮಿಸ್ತ್ರಿ ಏನ್ರಿ?"

"ಹೂಂ, ನಾನೋ ತಮ್ಮಾ."

"ಚೀಲ ಛಲೋ ತೊಯ್ಸಿದ್ನಲ್ರಿ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮತ್ತೆ ಕೇಳಿದ: "ಇನ್ನೂ ತೊಯ್ಸಬೇಕಿತ್ತೇನ್ರಿ?"

ಮಾಯಕ್ಕ ಬರುವ ಮುನ್ನ ದುಂಡಪ್ಪ ಎದ್ದು ಹೊರಗೆ ಬಂದ. ಮರುದಿನ ಮಧ್ಯಾಹ್ನ ಕರೆಪ್ಪ ತೀರಿಕೊಂಡ. ಬೀಡಿಯಿಂದ ಬಂದವರು ಹೆಣ ಒಯ್ದರು.

ಅದಾಗಿ ಎರಡು ದಿನಕ್ಕೆ ಸತ್ಯಪ್ಪನ ವರದಿ ತಯಾರಾಯಿತು. ಎಂಥ ದಡ್ಡನೂ ರಸದ ಹತ್ತಿರ ಒದ್ದೆ ಚೀಲ ಒಯ್ಯುವುದಿಲ್ಲ. ಒಯ್ದನೆಂದರೆ ಅವನು ಎಚ್ಚರದಲ್ಲಿರಲಿಲ್ಲ. ಆದ್ದರಿಂದ ಮೃತನು ಮದ್ಯಪಾನ ಮಾಡಿದ್ದನು. ಸತ್ಯಪ್ಪ ಕೆಟ್ಟವನಲ್ಲ. ಕಾರಣವಿಲ್ಲದೆ ಏನೂ ಆಗಬಾರದೆಂಬ ಅವಸರ ಅವನಿಗೆ. ಭೈರವಾಕ್ಷನ ಹದಿನೈದು ಪುಸ್ತಕ ಕೇಳಿದವರಿಗೂ ಆ ತರ್ಕ ಸರಿಯೆನಿಸಿತು. ಬೀಡಿಗೂ ಸುದ್ದಿ ಮುಟ್ಟಿತು: ಕರೆಪ್ಪ ಕುಡಿದು ಸತ್ತ.

ಕರೆಪ್ಪ ಕುಡಿಯುವವನಲ್ಲ. ಅವನ ಅಪ್ಪ ಕುಡಿದು ಕುಡಿದೇ ಸತ್ತಿದ್ದ. ಸಾವಂತ್ರವ್ವ ಗಂಡನ ಹೆಣದ ಮುಂದೆ ಹನ್ನೆರಡು ವರ್ಷದ ಮಗನಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ ಆ ಮುದುಕಿ ಬೀಡಿಯಿಂದ ಬಸ್ಸು ಹಿಡಿದು ಬಂದು ಫೌಂಡ್ರಿಯ ಗೇಟಿನ ಮುಂದೆ ನಿಂತಳು. ಹೊರಗೆ ಬಂದವರ ಮುಖ ಒಂದೊಂದನ್ನೇ ನೋಡಿ ಕೇಳಿದಳು: "ಯಪ್ಪಾ, ನನ್ನ ಮಗಾ ಕುಡದಿದ್ನೇನು? ಕುಡದಿದ್ರ ಕುಡದಿದ್ದ ಅಂತ ಹೇಳ್ರಿ. ಇಲ್ಲಂದ್ರ ಇಲ್ಲ ಅನ್ರಿ." ಒಬ್ಬೊಬ್ಬರೂ ಅವಳ ಬದಿಯಿಂದ ದಾಟಿಕೊಂಡು ಹೋದರು. ಈರಣ್ಣ ಕಾಲಿನ ಪಟ್ಟಿಯ ಕಡೆಗೆ ನೋಡುತ್ತ ಕುಂಟಿಕೊಂಡು ಹೋದ.

ದುಂಡಪ್ಪ ಒಳಗಿನಿಂದ ಇದನ್ನು ಕಂಡ. ಮೂರು ಭಾಷೆ ಮಾತಾಡಿ ವೇಷ ಮರೆಸಬಲ್ಲ ಕ್ಯಾಪ್ಟನ್ ಸಮರಸೇನನ ಈ ಶಿಷ್ಯ ಬೂದಿ ಸುರಿಯುವ ಹಿಂದಿನ ಗೇಟಿನಿಂದ ಸೈಕಲ್ ಎತ್ತಿ ದಾಟಿಸಿ, ಸುತ್ತು ದಾರಿಯಲ್ಲಿ ಮನೆಗೆ ಹೋದ. ಆ ಸಂಜೆ ಶಿವಬಸವ್ವನಿಗೆ ಎಲ್ಲ ಹೇಳಿದ; ಸನ್ನೆ ಮಾಡಿ ಕರೆಪ್ಪನ ಬಾಯಿ ಮುಚ್ಚಿಸಿದ ಮಾತೊಂದನ್ನು ಬಿಟ್ಟು.

"ಹಂಗಂದ್ರ ಆ ಬರದಾವಂದ ತಪ್ಪು" ಎಂದಳು ಅವಳು.

ದುಂಡಪ್ಪನಿಗೆ ಬೇಕಾಗಿದ್ದ ಮಾತು ಇದು. ಸೋಮವಾರ ರಜೆ ಹಾಕಿ ಭೈರವಾಕ್ಷನನ್ನು ಹುಡುಕಿಕೊಂಡು ಹೊರಟ. ಬಾಡಿಗೆ ಪುಸ್ತಕದ ಅಂಗಡಿಯವನು ಪ್ರಕಾಶಕರಿಂದ ತಿಳಿದುಕೊಂಡು ಕೊಟ್ಟ ವಿಳಾಸ ನೋಡಿ ಅವನು ಒಂದು ಕ್ಷಣ ಬೆಪ್ಪಾದ. ಸಾವಿನೊಡನೆ ಸರಸವಾಡಿದ ಲೇಖನಿ ಇದ್ದದ್ದು ಖಾನಾಪುರದಲ್ಲಿ, ಹಂಚಿನ ಭಟ್ಟಿಯೊಂದಕ್ಕೆ ಸೇರಿದ ಮಾರಾಟದ ವಖಾರಿಯಲ್ಲಿ.

ಬಸ್ಸಿನಲ್ಲಿ ಉದ್ದಕ್ಕೂ ಬೈಗುಳವನ್ನು ಜೋಡಿಸಿಕೊಂಡು ಹೋದ. ಕಾಲರು ಹಿಡಿಯಬೇಕು, ಕಪ್ಪು ಕನ್ನಡಕ ಕಿತ್ತು ನೆಲಕ್ಕೆ ಅಪ್ಪಳಿಸಬೇಕು. ವಖಾರಿಯಲ್ಲಿ ಸಾಲು ಸಾಲು ಹಂಚಿನ ನಡುವೆ, ಮೋಟು ಮೇಜಿನ ಹಿಂದೆ, ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡ ಒಬ್ಬ ಬಡಕಲು ಮನುಷ್ಯ ಮರಾಠಿಯಲ್ಲಿ ಒಬ್ಬ ಗಿರಾಕಿಗೆ ಒಡೆದ ಹಂಚು ವಾಪಸ್ ತೆಗೆದುಕೊಳ್ಳುವುದಿಲ್ಲವೆಂದು ಹೇಳುತ್ತಿದ್ದ. ಹೆಸರು ಬಸಯ್ಯ. ವಖಾರಿಯ ಕಾರಕೂನ. ಕೊರಳಲ್ಲಿ ರುದ್ರಾಕ್ಷಿ. ಕಾಲರು ಹಿಡಿಯಲು ಅವರ ಅಂಗಿಗೆ ಕಾಲರೇ ಇರಲಿಲ್ಲ. ನಲವತ್ತು ವರ್ಷದ ರೂಢಿ. ಜಂಗಮರಾದ ಅಯ್ಯನವರನ್ನು ಕಂಡ ದುಂಡಪ್ಪನ ಬೆನ್ನು ತಾನೇ ಬಗ್ಗಿತು, ಕೈ ಅವರ ಪಾದ ಮುಟ್ಟಿತು. ಹೊತ್ತು ತಂದ ಸಿಟ್ಟಿನಲ್ಲಿ ಅರ್ಧ ಅಲ್ಲಿಯೇ ಸೋರಿಹೋಯಿತು.

"ಅಯ್ಯಾರ, ಭೈರವಾಕ್ಷ ಅಂದ್ರ..."

ಬಸಯ್ಯ ಗಿರಾಕಿಯನ್ನು ಸಾಗಹಾಕಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಮಾಲಕರಿಗೆ ಗೊತ್ತಿಲ್ಲ. ಕುಂದರ್ರಿ. ಯಾವ ಪುಸ್ತಕ ಓದೀರಿ?"

"ಕೆಂಡದ ಕೋಟೆಯ ಕೈದಿ. ಹನ್ನೊಂದನೇ ಅಧ್ಯಾಯ."

ಬಸಯ್ಯನ ಮುಖ ಬೆಳಗಿತು. "ಹೌದಲ್ಲ? ಎಲ್ಲಾರೂ ಅದನ್ನ ಹೇಳ್ತಾರ. ಖರೇ ಹೇಳ್ಲೇನ್ರಿ, ನಿಮ್ಮಂಥಾ ಓದುಗರ ಮುಂದ ಮುಚ್ಚೂದೇನು? ಹಡಗಾ, ಬರಫಾ, ಇಸ್ತಾಂಬುಲ್ಲು ಎಲ್ಲಾ ಇಂಗ್ಲಿಷ್ ಪುಸ್ತಕದಾಗಿಂದು. ಬೆಳಗಾವಿ ಕ್ಯಾಂಪಿನ್ಯಾಗ ರದ್ದಿ ಅಂಗಡಿಯೊಳಗ ಸಿಗತಾವ. ಅವರು ಬರದಂಗ ನಮಗ ಬರಿಯಾಕ ಆಗೂದಿಲ್ಲ. ಅವರು ಸಮುದ್ರ ನೋಡಿದವರು, ಲಡಾಯಿ ಮಾಡಿದವರು. ಆದ್ರ ಆ ಚೀಲದ್ದು ನಂದ. ಸ್ವಂತದ್ದು. ಇಲ್ಲೆ ಭಟ್ಟಿಯೊಳಗ ದಿನಾ ಕಣ್ಣಲೆ ನೋಡಿ ಬರದದ್ದು."

ದುಂಡಪ್ಪ ಎರಕದ ಆ ಶುಕ್ರವಾರದಿಂದ ಆದದ್ದನ್ನೆಲ್ಲ ಹೇಳಿದ. ಬೈಗುಳಗಳು ಒಂದೂ ನೆನಪಿಗೆ ಬರಲಿಲ್ಲ. ಬಸಯ್ಯ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅದು ಬಿಳಿಯ ಗಾಜಿನದು, ಒಂದು ಕಡ್ಡಿಗೆ ದಾರ ಕಟ್ಟಿದ್ದು.

"ಕರೆಪ್ಪ ಅಂದ್ರ... ಬೀಡಿ ಕರೆಪ್ಪ?"

"ಹೂಂ."

"ನಮ್ಮ ಭಟ್ಟಿಯೊಳಗ ಇದ್ದನಲ್ರಿ ಅಂವ. ಅಂವನ್ನ ನೋಡೇ ಬರದದ್ದು." ಬಸಯ್ಯ, ತನ್ನ ಮೇಲಿನ ಭಾರವನ್ನು ಎಲ್ಲಿಯಾದರೂ ಇಳಿಸಲೇಬೇಕಾದ ಮನುಷ್ಯನ ಹಾಗೆ, ತಲೆಯೆತ್ತಿದ. "ಕಬ್ಬಿಣದ ರಸಕ್ಕ ನೀರು ಆಗೂದಿಲ್ಲ ಅನ್ನೂದು ನನಗ ಗೊತ್ತಿರಲಿಲ್ಲ. ನಾ ಹಂಚಿನವಾ. ನೀವು ಮಿಸ್ತ್ರಿ. ನಿಮಗ ಗೊತ್ತಿತ್ತಲ್ಲ? ಓದೂ ಮುಂದ ನೀವು ಹೇಳಲಿಲ್ಲೇನು?"

ದುಂಡಪ್ಪ ಎದ್ದು ನಿಂತ. ಈ ಸಲ ಪಾದ ಮುಟ್ಟುವುದು ನೆನಪಾಗಲಿಲ್ಲ.

ಖಾನಾಪುರದ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು, ಒಂದು ಬೆಳಗಾವಿಗೆ, ಇನ್ನೊಂದು ನಂದಗಡದ ಮೇಲೆ ಬೀಡಿಗೆ. ಬೆಳಗಾವಿಯ ಬಸ್ಸು ಹತ್ತಿ ಕೂತ. ಕಂಡಕ್ಟರ್ ಬರುವಷ್ಟರಲ್ಲಿ ಇಳಿದ. ಬೀಡಿಯ ಬಸ್ಸು ಹತ್ತಿದ. ಕೈಚೀಲದಲ್ಲಿ ಪುಸ್ತಕವಿತ್ತು, ಭೈರವಾಕ್ಷನ ಮುಖಕ್ಕೆ ಎಸೆಯಲೆಂದು ತಂದದ್ದು.

ಸಾವಂತ್ರವ್ವನ ಮನೆಯ ಪಡಸಾಲೆಯಲ್ಲಿ ಓಣಿಯ ಏಳೆಂಟು ಮಂದಿ ಕೂತಿದ್ದರು. ಮಾತು ಮುಗಿದುಹೋಗಿ, ಎದ್ದು ಹೋದರೆ ಚೆನ್ನಾಗಿರುವುದಿಲ್ಲವೆಂದು ಕೂತವರು. ಮಾಯಕ್ಕ ಗೋಡೆಗೆ ಒರಗಿದ್ದಳು. ದುಂಡಪ್ಪ ತಾನು ಯಾರೆಂದು ಹೇಳಿ, ಕಂಬಳಿಯ ಅಂಚಿಗೆ ಕೂತು, ನೆಲ ನೋಡುತ್ತ ಶುರುಮಾಡಿದ.

"ಯವ್ವಾ, ಕರೆಪ್ಪ ಕುಡದಿರಲಿಲ್ಲ."

ಸಾವಂತ್ರವ್ವ ಅಲುಗಾಡಲಿಲ್ಲ. "ಗೇಟಿನ ಮುಂದ ನಾ ಕೇಳೂ ಮುಂದ ನೀ ಎಲ್ಲಿದ್ದಿ?"

"ಒಳಗಿದ್ದೆ. ಹಿಂದಿನ ಬಾಗಿಲಲೆ ಹೋದೆ."

ಆಮೇಲೆ ಹೇಳಿದ: ಪುಸ್ತಕ, ಊಟದ ಬಿಡುವು, ಚೀಲ, ಕರೆಪ್ಪ ಕೂಗಿದ್ದು. ಕೈಯೆತ್ತಿ ಸನ್ನೆ ಮಾಡಿದ್ದನ್ನೂ ಹೇಳಿದ. ಹೇಳುವಾಗ ಎಡಗೈ ಅಷ್ಟೇ ಎತ್ತರಕ್ಕೆ ಎದ್ದುದನ್ನು ಕಂಡು ಅದನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡ.

"ಸಾಯ್ತಾರ ಅಂತ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಕಥಿ ಕೆಡತಿತ್ತವ್ವಾ."

ಪಡಸಾಲೆಯಲ್ಲಿ ಯಾರೋ ಉಗುಳಲೆಂದು ಎದ್ದು ಹೊರಗೆ ಹೋದರು. ದುಂಡಪ್ಪ ಹೊಡೆತ ಬೀಳುತ್ತದೆಂದು ಕಾದ. ಬಿದ್ದಿದ್ದರೆ ಅವನಿಗೂ ಒಂದಿಷ್ಟು ಹಗುರಾಗುತ್ತಿತ್ತು. ಸಾವಂತ್ರವ್ವ ಅವನ ಕೈಚೀಲದ ಕಡೆಗೆ ನೋಡಿ, "ಎಂಥಾ ಕಥಿ ಅದು? ಓದು" ಎಂದಳು.

"ಯವ್ವಾ, ಬ್ಯಾಡ..."

"ನನ್ನ ಮಗನ ಕಿವ್ಯಾಗ ಏನ ಬಿತ್ತು ನನಗ ಕೇಳಬೇಕು. ಓದು."

ಹನ್ನೊಂದನೆಯ ಅಧ್ಯಾಯ ತೆಗೆದ. ಮೊದಲ ಎರಡು ಪುಟ ಬೇಕಂತಲೇ ಸಪ್ಪೆಯಾಗಿ, ಕೋರ್ಟಿನ ಸಮನ್ಸಿನ ಹಾಗೆ ಓದಿದ. ಆದರೆ ಮೂರು ವರ್ಷ ಪಳಗಿಸಿದ ನಾಲಗೆ. ಪೆನ್ಸಿಲ್ಲಿನ ಗುರುತು ಬಂದಲ್ಲಿ ದನಿ ತಾನೇ ಇಳಿಯಿತು, ತಾನೇ ಏರಿತು. ಬಂದೂಕುಗಳು ಹತ್ತಿರ ಬಂದವು. ಹೊರಗೆ ಹೋದವನು ಬಾಗಿಲಿಗೆ ಬಂದು ನಿಂತ. ಮೂಲೆಯಲ್ಲಿ ತೂಕಡಿಸುತ್ತಿದ್ದ ಮುದುಕನೊಬ್ಬ ಕಣ್ಣುಬಿಟ್ಟು ಮುಂದಕ್ಕೆ ಸರಿದ. ಮಾಯಕ್ಕ ಗೋಡೆಯಿಂದ ಬೆನ್ನು ತೆಗೆದಿದ್ದಳು. ಸಾವಂತ್ರವ್ವನ ಬಾಯಿ ತುಸು ತೆರೆದುಕೊಂಡಿತ್ತು. ಕಟ್ಟಿದ ಗಾಳಿ ಹೇಗಿರುತ್ತದೆಂದು ದುಂಡಪ್ಪನಿಗೆ ಚೆನ್ನಾಗಿ ಗೊತ್ತು. ಅದು ಈ ಸೂತಕದ ಮನೆಯಲ್ಲಿಯೂ ಕಟ್ಟಿತು. ಅದರೊಂದಿಗೆ ಎದೆಯಲ್ಲಿ ಒಂದು ಎಳೆಯ ಸಂತೋಷ ಎದ್ದದ್ದು ಅವನಿಗೆ ತಿಳಿಯಿತು. ಅದನ್ನು ಅವನು ಸಾಯುವ ತನಕ ಯಾರ ಮುಂದೆಯೂ ಹೇಳಲಿಲ್ಲ.

ಕ್ಯಾಪ್ಟನ್ ಚೀಲಗಳನ್ನು ತೊಟ್ಟಿಯಲ್ಲಿ ಅದ್ದಿದ. ದುಂಡಪ್ಪ ನಿಲ್ಲಿಸಿದ.

"ಇದು ಸುಳ್ಳು" ಎಂದ. "ಕಾಯ್ದ ಕಬ್ಬಿಣದ ಕೆಳಗ ಒದ್ದಿ ಅರಿವಿ ಸಿಕ್ಕರ ಬಾಂಬ್ ಸಿಡಿದಂಗ ಸಿಡಿತೈತಿ. ಹಂಚಿನ ಭಟ್ಟಿಗೆ ಆದದ್ದು ಇಲ್ಲಿಗೆ ಆಗೂದಿಲ್ಲ. ಯಾರೂ ಇದನ್ನ ಮಾಡಬಾರದು."

ಆಗ ಮೂಲೆಯ ಮುದುಕ, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ತಡೆಯಲಾರದೆ, "ಅದಿರ್ಲಿ ಬಿಡಪಾ, ಆಮ್ಯಾಲ ಆ ಕ್ಯಾಪ್ಟನ್ ಏನ ಮಾಡಿದ?" ಎಂದ.

ಮಾಯಕ್ಕ ಸೆರಗು ಬಾಯಿಗೊತ್ತಿ ಎದ್ದು ಒಳಗೆ ಹೋದಳು. ಸಾವಂತ್ರವ್ವ ಮುದುಕನ ಕಡೆಗೆ ನೋಡಲಿಲ್ಲ, ದುಂಡಪ್ಪನನ್ನೇ ನೋಡಿದಳು.

"ಅಲ್ಲಿ ನಾ ಇದ್ದಿದ್ರೂ ನಂಬತಿದ್ದೆ" ಎಂದಳು. "ನೀ ಹಂಗ ಓದತಿ. ಇಷ್ಟ ಅಂವಗೂ ಹೇಳಿದ್ದರ ಆಗತಿತ್ತು." ಮತ್ತೆ ಕೇಳಿದಳು: "ನನ್ನ ಮುಂದ ಹೇಳಿದ್ದನ್ನ ಸರಕಾರದ ಮಂದಿ ಮುಂದ ಹೇಳ್ತೀಯೇನು? ಕುಡದಿದ್ದ ಅಂತ ಬರದದ್ದನ್ನ ಹೊಡದ ಹಾಕಿಸ್ತೀಯೇನು?"

"ಹೇಳ್ತೀನವ್ವಾ."

"ನಿನ್ನ ಕೆಲಸಾ ಹೋದ್ರ?"

"ಹೋಗಲಿ."

"ನೀರ ಕುಡದು ಹೋಗು" ಎಂದಳು. ತಂಬಿಗೆ ಕೊಡಲಿಲ್ಲ; ಮೂಲೆಯ ಹಂಡೆಯ ಕಡೆಗೆ ಬೆರಳು ತೋರಿಸಿದಳು.

ಕಾರಖಾನೆಗಳ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ದುಂಡಪ್ಪ ಎಲ್ಲವನ್ನೂ ಹೇಳಿ ಸಹಿ ಮಾಡಿದ. ಪುಸ್ತಕವನ್ನೂ ಸಾಕ್ಷಿಗೆಂದು ಕೊಟ್ಟ. 'ಮದ್ಯಪಾನ' ಎಂಬ ಶಬ್ದಕ್ಕೆ ಕೆಂಪು ಗೆರೆ ಬಿತ್ತು. ಅದರ ಮೇಲೆ 'ತಿಳುವಳಿಕೆ ನೀಡದ ಕಾರಣ' ಎಂದು ಬರೆದರು. ತಿಳುವಳಿಕೆ ಕೊಡಬೇಕಾದವನ ಹೆಸರೂ ಬಂತು. ಆ ಕಾಗದದ ಒಂದು ನಕಲನ್ನು ದುಂಡಪ್ಪ ತಾನೇ ಬೀಡಿಗೆ ಒಯ್ದು ಕೊಟ್ಟ. ಸಾವಂತ್ರವ್ವ ಓದುಬಲ್ಲವರಿಂದ ಅದನ್ನು ಓಣಿಯಲ್ಲಿ ನಾಲ್ಕು ಮನೆಯ ಮುಂದೆ ಓದಿಸಿದಳಂತೆ. ಆಮೇಲೆ ಅವಳು ದುಂಡಪ್ಪನನ್ನು ಮಾತಾಡಿಸಲಿಲ್ಲ, ಅವನೂ ಹೋಗಲಿಲ್ಲ.

ಬಸಯ್ಯ ಮುಂದೆ ಕಾದಂಬರಿ ಬರೆದನೋ ಇಲ್ಲವೋ ದುಂಡಪ್ಪನಿಗೆ ಗೊತ್ತಾಗಲಿಲ್ಲ. ಶಹಾಪುರದ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದ. ಕೆಲಸ ಹೋಗಲಿಲ್ಲ, ಮಿಸ್ತ್ರಿಗಿರಿ ಹೋಯಿತು. ಅವನನ್ನು ಮರಳು ಸೋಸುವಲ್ಲಿಗೆ ಹಾಕಿದರು, ಕರೆಪ್ಪ ಇದ್ದ ಜಾಗಕ್ಕೆ. ಅಲ್ಲಿ ದೂಳು ಹೆಚ್ಚು. ಕೆಮ್ಮು ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿಯಿತು. ಊಟದ ಬಿಡುವಿನಲ್ಲಿ ಈಗ ಯಾರೋ ಟ್ರಾನ್ಸಿಸ್ಟರ್ ತರುತ್ತಿದ್ದರು.

ಎರಕದ ದಿನ ಮಾತ್ರ, ಯಾರೂ ಹೇಳದಿದ್ದರೂ, ಅವನು ಜರಡಿ ಬಿಟ್ಟು ಎದ್ದು ಬರುತ್ತಿದ್ದ. ಲ್ಯಾಡಲ್ ಎತ್ತುವ ಮುನ್ನ ಪ್ರತಿಯೊಬ್ಬನ ಅಂಗಿ, ಟವಲು, ಕೈಗೆ ಸುತ್ತಿದ ಬಟ್ಟೆ ಹಿಚುಕಿ ನೋಡುತ್ತಿದ್ದ. ಹೊಸಬರಿಗೆ ಇದು ಮುಜುಗರ; ಬೆವರಿದ ಬೆನ್ನಿಗೆ ಕೈಹಾಕಿದರೆ ಬೈಯುವರು. 1985ರಲ್ಲಿ, ಕೆಮ್ಮಿನಿಂದಾಗಿ ಐವತ್ತಕ್ಕೇ ಮುದುಕನಂತಾಗಿದ್ದ ಅವನ ಕೆಲಸದ ಕೊನೆಯ ವರ್ಷ, ಹಂಚಿನ ಭಟ್ಟಿಯ ಕಡೆಯಿಂದಲೇ ಬಂದವನೊಬ್ಬ ಕೈ ಕೊಸರಿಕೊಂಡು, "ಏನ್ ಅಜ್ಜಾ, ನನ್ನ ಮೈಯಾಗ ಏನ್ ಹುಡುಕತಿ?" ಎಂದು ಗದರಿದ.

ಈರಣ್ಣ ಆಗ ಮಿಸ್ತ್ರಿಯಾಗಿದ್ದ. ಲ್ಯಾಡಲ್ಲಿನ ಆಚೆಯಿಂದ ಅವನು ದುಂಡಪ್ಪನ ಮುಖ ನೋಡಿದ. ಬಹಳ ವರ್ಷಗಳ ಮೇಲೆ ಮುದುಕ ಮತ್ತೆ ಕಥೆ ಹೇಳಲು ಬಾಯಿ ತೆರೆಯಬಹುದು ಎಂದು ಅವನಿಗೆ ಎನಿಸಿತು.

"ನೀರು" ಎಂದ ದುಂಡಪ್ಪ. "ಒದ್ದಿ ಇದ್ದರ ಸಾಯ್ತಿ."

ಅಷ್ಟೇ ಹೇಳಿ ಅವನ ಎರಡನೆಯ ತೋಳನ್ನೂ ಹಿಚುಕಿ ನೋಡಿ, ಒಣಗಿದೆ ಎಂದು ಈರಣ್ಣನಿಗೆ ತಲೆಯಾಡಿಸಿ, ಕೆಮ್ಮುತ್ತ ಜರಡಿಯ ಕಡೆಗೆ ಹೋದ.